ಯುದ್ಧದ ವೆಚ್ಚವೂ ತೆರಿಗೆ ಕೊಡುವವನೂ

ಮದುವೆಯ ದಿನದ ಖರ್ಚನ್ನು ಮಾತ್ರ ಎಣಿಸಿ, ಅದಕ್ಕಾಗಿ ತಂದ ಸಾಲದ ಬಡ್ಡಿಯನ್ನು ಮರೆಯುವ ಗೃಹಸ್ಥನನ್ನು ಲೋಕವು ಅವಿವೇಕಿಯೆಂದು ಕರೆಯುತ್ತದೆ. ಯುದ್ಧಕ್ಕೆ ಹೊರಡುವ ರಾಜ್ಯಗಳು ಮಾಡುವ ತಪ್ಪೂ ಇದೇ. ಮದ್ದುಗುಂಡು, ವಾಹನ, ದಿನಸಿಗಳ ಬೆಲೆಯನ್ನು ಎಣಿಸುವವರುಂಟು. ಕಾಳಗ ಮುಗಿದ ಮೇಲೂ ಉಳಿಯುವ ಸೈನ್ಯದ ಸಂಬಳ, ಸಾಲದ ಬಡ್ಡಿ, ಅಂಗಹೀನರ ಪೋಷಣೆ ಇವುಗಳನ್ನು ಎಣಿಸುವವರು ವಿರಳ. ಆದರೆ ಇವರಿಬ್ಬರಲ್ಲಿ ಒಂದು ಭೇದವಿದೆ. ಗೃಹಸ್ಥನು ತನ್ನ ಸಾಲವನ್ನು ತಾನೇ ತೀರಿಸುತ್ತಾನೆ; ಯುದ್ಧದ ಸಾಲವನ್ನು ತೀರಿಸುವವರು ಅದನ್ನು ಮಾಡಿದವರಲ್ಲ. ಆದುದರಿಂದ ಇದು ಬರಿಯ ಗಣಿತದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ಸೀಮೆಯ ವಳಕಮದಿನ್ನಿಯು, ಕೃಷ್ಣಾ ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿಗೆ ಸೇರಿದ ಊರು. ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿಯವರೂ, ಅನಂತರ ಬಿಜಾಪುರದವರೂ ತಲೆಮಾರುಗಳವರೆಗೆ ಕಾದಾಡಿದರು. 1520ರ ರಾಯಚೂರಿನ ಕಾಳಗವನ್ನು ಓದಿ ಹಿಗ್ಗುವವರು ಅನೇಕರು. ಆದರೆ ಈ ನಾಡು ಯುದ್ಧದ ಋಣಕ್ಕೆ ಒತ್ತೆಯಾದ ಕಥೆಯನ್ನು ಬಲ್ಲವರು ಕಡಿಮೆ.

ಟಿಪ್ಪುವಿನೊಡನೆ ನಡೆದ ಯುದ್ಧಗಳಲ್ಲಿ ಕಂಪನಿಯ ಪಕ್ಷವನ್ನು ಹಿಡಿದ ನಿಜಾಮನಿಗೆ 1792ರಲ್ಲಿಯೂ 1799ರಲ್ಲಿಯೂ ಹೊಸ ಸೀಮೆಗಳು ದೊರೆತವು. ಗೆಲವು ಲಾಭವಾಗಿಯೇ ಕಂಡಿತು. ಆದರೆ ಕಂಪನಿಯು ಹೈದರಾಬಾದಿನಲ್ಲಿರಿಸಿದ ಸೈನ್ಯದ ವೆಚ್ಚಕ್ಕೆಂದು, ಅವನು 1800ರಲ್ಲಿ ಆ ಸೀಮೆಗಳನ್ನೇ ಬಿಟ್ಟುಕೊಡಬೇಕಾಯಿತು. ಬಳ್ಳಾರಿ, ಅನಂತಪುರ, ಕಡಪಗಳು ದತ್ತಮಂಡಲವೆನಿಸಿದುದು ಹೀಗೆ. ಗೆದ್ದ ಭೂಮಿಯು ಗೆಲವಿನ ಖರ್ಚಿಗೇ ಹೋಯಿತು.

ಅಲ್ಲಿಗೂ ಋಣ ತೀರಲಿಲ್ಲ. ಯುದ್ಧಕಾಲದಲ್ಲಿ 6,000 ಕಾಲಾಳುಗಳನ್ನೂ 9,000 ಕುದುರೆಯಾಳುಗಳನ್ನೂ ಒದಗಿಸುವೆನೆಂದು ನಿಜಾಮನು ಅದೇ ಒಪ್ಪಂದದಲ್ಲಿ ಒಪ್ಪಿದ್ದನು. ಕಾಲಕ್ರಮದಲ್ಲಿ ಇದರ ನೆಪದಿಂದಲೇ ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿನ ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆ ಬೆಳೆದು, ಶಾಂತಿಕಾಲದಲ್ಲಿಯೂ ಸಂಬಳ ತಿನ್ನುತ್ತ ನಿಂತಿತು. ಲಿಂಗಸುಗೂರಿನಲ್ಲಿ ಅದರ ಛಾವಣಿಯೇ ಇದ್ದಿತು. ಅದರ ಸಂಬಳಕ್ಕಾಗಿ ದರ್ಬಾರು ಸಾಹುಕಾರರಿಂದ ಹೆಚ್ಚಿನ ಬಡ್ಡಿಗೆ ಸಾಲ ತಂದಿತು. ಕಂದಾಯದ ವಸೂಲಿಯನ್ನು ಗುತ್ತಿಗೆಗೆ ಕೊಟ್ಟಿತು. ಕೊನೆಗೆ 1853ರ ಮೇ ತಿಂಗಳಲ್ಲಿ, ಡಾಲ್‌ಹೌಸಿಯ ಒತ್ತಾಯಕ್ಕೆ ಮಣಿದು, ಬೇರಾರ್, ಧಾರಾಶಿವಗಳೊಡನೆ ರಾಯಚೂರು ದೋಆಬನ್ನೂ ಕಂಪನಿಗೆ ಒಪ್ಪಿಸಿತು. ದೋಆಬು ಮರಳಿದುದು 1860ರಲ್ಲಿ. ಬೇರಾರ್ ಮರಳಲೇ ಇಲ್ಲ.

ಎರೆಯ ಹೊಲದಲ್ಲಿ ಜೋಳ ಬಿತ್ತಿ ಕಂದಾಯ ಕೊಟ್ಟ ಇಲ್ಲಿಯ ಒಕ್ಕಲಿಗನನ್ನು ಈ ಯಾವ ಒಪ್ಪಂದದಲ್ಲಿಯೂ ಯಾರೂ ಕೇಳಲಿಲ್ಲ. ಶ್ರೀರಂಗಪಟ್ಟಣದ ಮುತ್ತಿಗೆಗೂ ತನ್ನ ಕಣಜಕ್ಕೂ ಸಂಬಂಧವುಂಟೆಂದು ಅವನು ಊಹಿಸಿರಲಾರನು. ಯುದ್ಧದ ವೆಚ್ಚವು ಯುದ್ಧದ ಹೆಸರಿನಿಂದ ಮನೆಬಾಗಿಲಿಗೆ ಬರುವುದಿಲ್ಲ. ಕಂದಾಯವೆಂದೋ ಬೆಲೆಯೇರಿಕೆಯೆಂದೋ ಹೆಸರು ಬದಲಿಸಿಕೊಂಡು ಬರುತ್ತದೆ.

ಅರಸರ ಕಾಲ ಕಳೆದು ಪ್ರಜಾಪ್ರಭುತ್ವ ಬಂದ ಮಾತ್ರಕ್ಕೆ ಈ ದೋಷವು ನೀಗಲಿಲ್ಲ. 2003ರ ಇರಾಕ್ ಯುದ್ಧಕ್ಕೆ 5,000ದಿಂದ 6,000 ಕೋಟಿ ಡಾಲರು ಸಾಕೆಂದು ಅಮೆರಿಕದ ಸರ್ಕಾರದ ಕಡೆಯವರು ಅಂದಾಜು ಮಾಡಿದ್ದರು. ಅರ್ಥಶಾಸ್ತ್ರಜ್ಞರಾದ ಸ್ಟಿಗ್ಲಿಟ್ಸ್ ಮತ್ತು ಬಿಲ್ಮ್ಸ್ ಅವರು ಬಡ್ಡಿಯನ್ನೂ ಗಾಯಾಳುಗಳ ಆಜೀವ ಶುಶ್ರೂಷೆಯನ್ನೂ ಸೇರಿಸಿ, 2008ರಲ್ಲಿ ಅದನ್ನು 3 ಲಕ್ಷ ಕೋಟಿ ಡಾಲರೆಂದು ಗಣಿಸಿದರು.

ಶತ್ರುವು ಬಾಗಿಲಿಗೆ ಬಂದಾಗ ಲೆಕ್ಕ ಹಾಕುತ್ತ ಕೂಡುವುದು ಹೇಡಿತನವಲ್ಲವೇ ಎಂದು ಕೆಲವರು ಕೇಳಬಹುದು. ಆತ್ಮರಕ್ಷಣೆಯು ಕರ್ತವ್ಯವೆಂಬುದು ನಿಶ್ಚಯ. ಆದರೆ ಬೆಲೆಯನ್ನರಿತು ಕೊಡುವವನ ತ್ಯಾಗವೇ ತ್ಯಾಗ. ಅರಿಯದವನಿಂದ ಕಸಿದುಕೊಂಡುದು ತ್ಯಾಗವೆನಿಸದು. ನ್ಯಾಯವಾದ ಯುದ್ಧಕ್ಕೆ ನಿಜವಾದ ಲೆಕ್ಕದ ಭಯವಿರಬೇಕಾಗಿಲ್ಲ.

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿದೆ. ಅದೇ ಅರಸನು ಬೇರೆಡೆಯ ಶಿಲೆಗಳಲ್ಲಿ, ಕಳಿಂಗದಲ್ಲಿ ಮಡಿದವರು 1 ಲಕ್ಷ, ಸೆರೆಹೋದವರು 1.5 ಲಕ್ಷವೆಂದು ತಾನೇ ಬರೆಯಿಸಿದನು. ಗೆದ್ದ ಅರಸನೊಬ್ಬನು ತನ್ನ ಗೆಲವಿನ ಬೆಲೆಯನ್ನು ಮುಚ್ಚಿಡದೆ ಒಪ್ಪಿಕೊಂಡುದು ದೊಡ್ಡದು. ಆದರೆ ಆ ಲೆಕ್ಕವು ಯುದ್ಧದ ಅನಂತರ ಬಂದಿತು. ಪ್ರಜೆಗೆ ಸಲ್ಲಬೇಕಾದುದು ಯುದ್ಧಕ್ಕೆ ಮುಂಚಿನ ಲೆಕ್ಕ.