ಗುಂಪಿನಲ್ಲಿ ಒಬ್ಬರನ್ನು ಕಾಣುವ ಕಣ್ಣು



ಅಕ್ಟೋಬರ್ 31ರ ರಾತ್ರಿ ಯುವಜನ ಸಂಘದ ನಾವು ಒಂಬತ್ತು ಮಂದಿ ಹೊಸೂರಿನ ಹೊರಗೆ, ಹೆದ್ದಾರಿ ಪಕ್ಕದ ಬಯಲಿನಲ್ಲಿ ನಡೆದ ಹ್ಯಾಲೋವೀನ್ ಸಂಗೀತ ಕಾರ್ಯಕ್ರಮಕ್ಕೆ ಹೋಗಿದ್ದೆವು. "ದೆವ್ವದ ಹಬ್ಬಕ್ಕೆ ನಮ್ಮ ಮಕ್ಕಳೇಕೆ ಹೋದರು?" ಎಂದು ಹಿರಿಯರು ಕೇಳಿದ್ದಾರೆ. ಸ್ವಾಮಿಯವರು, "ನಡೆದದ್ದನ್ನು ನೀವೇ ಪತ್ರಿಕೆಗೆ ಬರೆಯಿರಿ" ಎಂದರು. ಬರೆಯುತ್ತಿದ್ದೇವೆ.

ಮೊದಲು ಆ ಹೆಸರಿನ ವಿಷಯ. ಹ್ಯಾಲೋವೀನ್ ಎಂದರೆ ಸಕಲ ಸಂತರ ಹಬ್ಬದ ಹಿಂದಿನ ಸಂಜೆ. 8ನೇ ಶತಮಾನದಲ್ಲಿ ಪೋಪ್ 3ನೇ ಗ್ರೆಗೊರಿಯವರು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಸಕಲ ಸಂತರ ಗೌರವಾರ್ಥ ಒಂದು ಪ್ರಾರ್ಥನಾಲಯವನ್ನು ಅರ್ಪಿಸಿದರು. ಮುಂದಿನ ಶತಮಾನದಲ್ಲಿ ನವೆಂಬರ್ 1ರ ಹಬ್ಬ ಪಶ್ಚಿಮದ ಧರ್ಮಸಭೆಯಲ್ಲಿ ಹರಡಿತು. ಐರ್ಲೆಂಡಿನಿಂದ ವಲಸೆ ಹೋದವರು ಆ ಸಂಜೆಯ ಆಚರಣೆಗಳನ್ನು ಅಮೆರಿಕಕ್ಕೆ ಒಯ್ದರು. ಊರಿನಲ್ಲಿ ಗೆಡ್ಡೆ ಕೊರೆದು ದೀಪ ಇಡುತ್ತಿದ್ದವರು ಅಲ್ಲಿ ಕುಂಬಳಕಾಯಿ ಕೊರೆದರು. ಹೊಸೂರಿಗೆ ಬರುವ ಹೊತ್ತಿಗೆ ಸಂತರು ಮರೆಯಾಗಿ ಮುಖವಾಡವಷ್ಟೇ ಉಳಿದಿದೆ.

ನಮ್ಮ ಜೊತೆ ಪ್ಲಸ್ ಟೂ ಓದುವ ಹುಡುಗನೊಬ್ಬ ಬಂದಿದ್ದ. ಅವನ ತಾಯಿಗೆ ಮನಸ್ಸಿರಲಿಲ್ಲ. "ನಾವಿದ್ದೀವಲ್ಲ ಆಂಟಿ" ಎಂದು ಒಪ್ಪಿಸಿ ಕರೆದೊಯ್ದಿದ್ದೆವು.

ವೇದಿಕೆಯ ಮೇಲೆ ನಮ್ಮೂರ ಹುಡುಗರದೇ ಬ್ಯಾಂಡ್. ತಮಿಳು, ಕನ್ನಡ, ತೆಲುಗು, ಹಿಂದಿ ಹಾಡುಗಳು. ಶಿಫ್ಟ್ ಮುಗಿಸಿ ಬಂದ ಕಾರ್ಖಾನೆಯವರೂ ಸೇರಿ, ಹತ್ತು ಗಂಟೆಗೆ ಕೈ ಎತ್ತಲೂ ಜಾಗವಿರಲಿಲ್ಲ. ಮುಂದಿನ ಕಬ್ಬಿಣದ ಬೇಲಿಗೆ ಒತ್ತಿಕೊಂಡಿದ್ದ ಹುಡುಗನಿಗೆ ಉಸಿರು ಸಿಗದಾಯಿತು. ನಮ್ಮನ್ನು ಕೂಗಿದನಂತೆ. ನಮಗೆ ಕೇಳಿಸಲಿಲ್ಲ, ನಾವು ಮೊಬೈಲ್ ಎತ್ತಿ ವಿಡಿಯೊ ತೆಗೆಯುತ್ತಿದ್ದೆವು. ಮೂರು ಹಾಡು ಮುಗಿದ ಮೇಲೆ ಎಣಿಸಿದರೆ ಎಂಟೇ ಮಂದಿ.

ಅವನು ಸಿಕ್ಕಿದ್ದು ನೀರಿನ ಕ್ಯಾನ್‌ಗಳ ಪಕ್ಕದಲ್ಲಿ. ಅಸ್ಥಿಪಂಜರದ ಮುಖವಾಡವನ್ನು ತಲೆಯ ಮೇಲಕ್ಕೆ ಸರಿಸಿಕೊಂಡಿದ್ದ ಯುವಕನೊಬ್ಬ ಅವನ ಬೆನ್ನು ನೀವುತ್ತಿದ್ದ. ಹುಡುಗನ ಮುಖ ಬಿಳಿಚಿದ್ದನ್ನು ಕಂಡು ಅವನೇ ಎತ್ತಿ ಬೇಲಿ ದಾಟಿಸಿದ್ದ. "ಇವನ ಜೊತೆ ಯಾರೂ ಇರಲಿಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದ. ನಮ್ಮಲ್ಲಿ ಒಬ್ಬರೂ ಬಾಯಿ ತೆರೆಯಲಿಲ್ಲ.

2022ರ ಅಕ್ಟೋಬರ್ 29ರ ರಾತ್ರಿ ದಕ್ಷಿಣ ಕೊರಿಯಾದ ಸಿಯೋಲ್ ನಗರದ ಇಟೇವಾನ್‌ನಲ್ಲಿ, ಹ್ಯಾಲೋವೀನ್‌ಗೆಂದು ಸೇರಿದ್ದ ಜನ ಇಕ್ಕಟ್ಟಾದ ಇಳಿಜಾರು ಗಲ್ಲಿಯಲ್ಲಿ ಸಿಲುಕಿ 159 ಮಂದಿ ತೀರಿಕೊಂಡರು. ಹೆಚ್ಚಿನವರು ನಮ್ಮ ವಯಸ್ಸಿನವರು. ಇಂಥ ಕಡೆ ಎದೆಯ ಮೇಲೆ ಒತ್ತಡ ಬಿದ್ದು, ನಿಂತಲ್ಲೇ ಉಸಿರು ಕಟ್ಟಿ ಪ್ರಾಣ ಹೋಗುತ್ತದೆ. ಹಿಂದಿರುವವರಿಗೆ ಮುಂದೆ ಏನಾಗುತ್ತಿದೆಯೆಂದು ಕಾಣುವುದಿಲ್ಲ. ಕೊಲ್ಲಬೇಕೆಂದು ಯಾರೂ ತಳ್ಳುವುದಿಲ್ಲ; ಎಲ್ಲರಿಗೂ ಒಂದು ಹೆಜ್ಜೆ ಮುಂದೆ ಹೋಗಬೇಕು, ಅಷ್ಟೇ. ನಮ್ಮ ಎಷ್ಟೋ ಪಾಪಗಳೂ ಹೀಗೆಯೇ.

ಮಾರ್ಕನ ಶುಭಸಂದೇಶದ 5ನೇ ಅಧ್ಯಾಯದಲ್ಲೂ ನೂಕುನುಗ್ಗಲಿದೆ. ಯಾಯಿರನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ, ಯೇಸುಸ್ವಾಮಿ ಅಲ್ಲಿಗೆ ಹೊರಟಿದ್ದಾರೆ. 12 ವರ್ಷ ರಕ್ತಸ್ರಾವದಿಂದ ನರಳಿದ ಮಹಿಳೆಯೊಬ್ಬಳು ಹಿಂದಿನಿಂದ ಬಂದು ಅವರ ಉಡುಪನ್ನು ಮುಟ್ಟುತ್ತಾಳೆ. ಮುಟ್ಟಿದವರು ಯಾರೆಂದು ಯೇಸು ಕೇಳುತ್ತಾರೆ. ಸುತ್ತಲೂ ಜನ ಮುತ್ತಿರುವಾಗ ಇದೆಂಥ ಪ್ರಶ್ನೆ ಎಂದು ಶಿಷ್ಯರಿಗೆ ಆಶ್ಚರ್ಯ. ಅಷ್ಟು ಅವಸರವಿದ್ದರೂ ಯೇಸು ನಿಂತರು, ಆ ಒಬ್ಬಳನ್ನು ಕಂಡರು, ಮಗಳೆಂದು ಕರೆದರು. ಆ ರಾತ್ರಿ ಬಯಲಿನಲ್ಲಿ ಯೇಸುವಿನಂತೆ ನಿಂತು ನೋಡಿದವನು ಹೆಸರೂ ಗೊತ್ತಿಲ್ಲದ ಆ ಮುಖವಾಡದ ಯುವಕ.

ಮರುದಿನ ನಿದ್ದೆಗಣ್ಣಿನಲ್ಲೇ ಸಕಲ ಸಂತರ ಹಬ್ಬದ ಬಲಿಪೂಜೆಗೆ ಬಂದೆವು. ಮೊದಲ ವಾಚನ ಪ್ರಕಟನೆ ಗ್ರಂಥದ 7ನೇ ಅಧ್ಯಾಯ: ಎಲ್ಲ ಜನಾಂಗಗಳಿಂದ, ಎಲ್ಲ ಭಾಷೆಗಳಿಂದ ಬಂದ, ಎಣಿಸಲಾಗದ ಜನಸಮೂಹ. ಹಿಂದಿನ ರಾತ್ರಿಯ ಬಯಲು ಕಣ್ಣ ಮುಂದೆ ಬಂತು. ನಮ್ಮ ದೇವಾಲಯವೂ ಬಂತು. ಇಲ್ಲಿ ತಮಿಳು ಪೂಜೆಯವರು ಒಂದು ಕಡೆ, ಕನ್ನಡದ ನಾವು ಒಂದು ಕಡೆ. ಜಾರ್ಖಂಡ್, ಒಡಿಶಾದಿಂದ ದುಡಿಯಲು ಬಂದವರು ಕೊನೆಯ ಬೆಂಚಿನಲ್ಲಿ ಕುಳಿತು, ಯಾರೂ ಮಾತನಾಡಿಸದೆಯೇ ಹೊರಟುಹೋಗುತ್ತಾರೆ. ನಮಗೆ ಅವರು ಬರೀ ಗುಂಪು. ದೇವರಿಗೆ ಒಬ್ಬೊಬ್ಬರೂ ಮಗ, ಮಗಳು.

ಹುಡುಗನ ತಾಯಿಯ ಬಳಿ ಹೋಗಿ ಕ್ಷಮೆ ಕೇಳಿದೆವು. ಅವರು ಬೈದರು, ಆಮೇಲೆ ಕಾಫಿ ಕೊಟ್ಟರು. ಇನ್ನು ಮುಂದೆ ಜಾತ್ರೆಗಾಗಲಿ, ಸಂಗೀತಕ್ಕಾಗಲಿ ಇಬ್ಬಿಬ್ಬರಾಗಿ ಹೋಗುವುದು, ಸೇರುವ ಜಾಗವನ್ನು ಮೊದಲೇ ಗೊತ್ತುಮಾಡುವುದು, ಬೇಲಿಯ ಹತ್ತಿರ ನಿಲ್ಲದಿರುವುದು ಎಂದು ತೀರ್ಮಾನಿಸಿದ್ದೇವೆ. ಭಾನುವಾರ ಪೂಜೆಯ ನಂತರ ನಮ್ಮಲ್ಲಿ ಇಬ್ಬರು ಬಾಗಿಲ ಬಳಿ ನಿಂತು ಕೊನೆಯ ಬೆಂಚಿನವರ ಹೆಸರು ಕೇಳುತ್ತೇವೆ. ನಮ್ಮ ಹಿಂದಿ ಹರುಕುಮುರುಕು. ಹಿರಿಯರೇ, ನೀವೂ ಬಂದು ನಮ್ಮ ಜೊತೆ ನಿಲ್ಲಿ.

ಪ್ರಭುವೇ, ಗುಂಪಿನಲ್ಲಿ ಒಬ್ಬರನ್ನು ಕಾಣುವ ನಿಮ್ಮ ಕಣ್ಣನ್ನು ನಮಗೂ ಕೊಡಿ. ಆಮೆನ್.

ಯುವಜನ ಸಂಘದ ಪರವಾಗಿ,
ಯುವಜನ ಸಂಯೋಜಕ