ದಯೆಯ ಹಿಡಿತ

ಪ್ರಾಯಕ್ಕೆ ಬಂದ ಮಗನು ಮಿದುಳಿಗೆ ಪೆಟ್ಟಾಗಿ ಪುನಃ ಶಿಶುವಿನಂತಾದಾಗ ತಾಯಿತಂದೆಗಳು ಅವನನ್ನು ಮನೆಯೊಳಗೇ ಕಾಯಬಯಸುವುದು ಸಹಜ. ಆ ಭಯ ಸುಳ್ಳಲ್ಲ. ಆದರೆ ಭಯವೇ ದಯೆಯಲ್ಲ.

ಅಮೆರಿಕೆಯ ಕೊಲರಾಡೊ ಪ್ರಾಂತದ ವಿಂಟರ್ ಪಾರ್ಕಿನಲ್ಲಿ 1970ರಿಂದ ಅಂಗವಿಕಲರಿಗೆ ಹಿಮದ ಮೇಲೆ ಜಾರುವ ಸ್ಕೀ ವಿದ್ಯೆಯನ್ನು ಕಲಿಸುತ್ತಿರುವರು. ನಿಲ್ಲಲಾರದವನಿಗೆ ಎರಡು ಜಾರುಹಲಗೆಗಳ ಮೇಲೆ ಜೋಡಿಸಿದ ಆಸನವುಂಟು. ಮರೆವುಳ್ಳವನಿಗೆ ಒಂದೊಂದೇ ಮಾತನ್ನು ಮರಳಿ ಮರಳಿ ಹೇಳಬೇಕು; ದಣಿಯುವ ಮುನ್ನವೇ ವಿಶ್ರಾಂತಿ ಕೊಡಬೇಕು; ತಲೆಗೆ ಮತ್ತೊಮ್ಮೆ ಪೆಟ್ಟಾಗದಂತೆ ಶಿರಸ್ತ್ರಾಣವೂ ವೈದ್ಯರ ಒಪ್ಪಿಗೆಯೂ ಬೇಕು.

ಶಿಕ್ಷಕನು ಹಿಂದಿನಿಂದ ಆಸನದ ಪಟ್ಟಿಗಳನ್ನು ಹಿಡಿದು ವೇಗವನ್ನು ತಡೆಯುವನು. ಕುಳಿತವನಿಗೆ ಆ ಕೈ ಕಾಣದು. ಅವನ ಕಣ್ಣಮುಂದೆ ಇಳಿಜಾರು ಮಾತ್ರ ತೆರೆದಿರುವುದು. ಸದ್ಭಕ್ತರೇ, ದುರ್ಬಲರಿಗೆ ನಾವು ಸಲ್ಲಿಸುವ ಸೇವೆಯೂ ಹೀಗಿರಲಿ: ಕೈ ಬಿಡದಿರಲಿ, ದಾರಿಯನ್ನು ಮುಚ್ಚದಿರಲಿ.