ದೀಪದ ಎಣ್ಣೆಯ ಋಣ

ಸೀಮೆಎಣ್ಣೆಯು ಹಳ್ಳಿಗಳನ್ನು ಹೊಗುವುದಕ್ಕೆ ಮೊದಲು ಹಾಸನದ ಸೀಮೆಯ ಮನೆಗಳಲ್ಲಿ ದೀಪವು ಉರಿಯುತ್ತಿದ್ದುದು ಹೊಂಗೆ, ಹಿಪ್ಪೆ, ಹರಳುಗಳ ಎಣ್ಣೆಯಿಂದ. ಬದುವಿನ ಮರದಿಂದ ಉದುರಿದ ಬೀಜವನ್ನು ಮನೆಯವರೇ ಆಯ್ದು ತರುತ್ತಿದ್ದರು. ಗಾಣದಲ್ಲಿ ಎಣ್ಣೆ ತೆಗೆಸಿ, ಹಿಂಡಿಯನ್ನು ಹೊಲಕ್ಕೆ ಹಾಕುತ್ತಿದ್ದರು. ಬೆಳಕನ್ನು ಪಡೆದವನೇ ಬೆಳಕಿನ ಬೆಲೆಯನ್ನು ತನ್ನ ಮೈದುಡಿಮೆಯಿಂದ ತೆರುತ್ತಿದ್ದನು. ಇಂದು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಒಬ್ಬ ರೈತನು ಪಂಪಿನ ಗುಂಡಿಯನ್ನೊತ್ತಿದರೆ ಆ ವಿದ್ಯುತ್ತಿನ ಬೆಲೆಯನ್ನು ತೆರುವವನು ಎಲ್ಲಿಯೋ ಇರುವನು. ಆತನ ಹೆಸರು ಇವನಿಗೆ ತಿಳಿಯದು, ಇವನ ಹೆಸರು ಆತನಿಗೂ ತಿಳಿಯದು. ಸರಕಾರವು ಇಂಧನಕ್ಕೆ ಕೊಡುವ ಸಹಾಯಧನವೆಂದರೆ ಇದೇ. ಕಲ್ಲಿದ್ದಲು, ಪೆಟ್ರೋಲಿಯಂಗಳಿಗೆ ಅದನ್ನು ಕೊಡಲಾಗದು, ಸೂರ್ಯನ ಮತ್ತು ಗಾಳಿಯ ಶಕ್ತಿಗೆ ಕೊಡಬೇಕು ಎಂಬ ಮಾತು ಎಲ್ಲೆಡೆಯೂ ಕೇಳಿಬರುತ್ತಿದೆ. ಮಾತು ಬಹುಮಟ್ಟಿಗೆ ದಿಟವೇ. ಆದರೆ ಕೊಡುವುದರ ಧರ್ಮವು ಇಂಧನದ ಜಾತಿಯೊಂದರಿಂದಲೇ ತೀರ್ಮಾನವಾಗುವಂತಹುದಲ್ಲ.

ಶರಣರು ದಾನವನ್ನೂ ದಾಸೋಹವನ್ನೂ ಬೇರೆಬೇರೆಯಾಗಿ ಕಂಡರು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನಿಗೆ ತನ್ನದೆಂಬುದೇ ಇಲ್ಲ. ಸಮಾಜದಿಂದ ಬಂದುದು ಸಮಾಜಕ್ಕೇ ಸಲ್ಲುವುದು. ಬೊಕ್ಕಸದ ಹಣವು ಪ್ರಜೆಗಳದು. ಅದನ್ನು ಪ್ರಜೆಗಳಿಗೇ ಹಂಚುವ ಸರಕಾರಕ್ಕೆ ತಾನು ದಾನಿಯೆಂದು ಹೇಳಿಕೊಳ್ಳುವ ಅಧಿಕಾರವಿಲ್ಲ. ಹಾಗೆ ಹೇಳಿಕೊಳ್ಳದ ಸರಕಾರವು ಅಪರೂಪ, ಅದು ಬೇರೆಯ ಮಾತು.

ಒಮ್ಮೆ ಕೊಟ್ಟುದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಎಷ್ಟು ಕಠಿನವೆಂಬುದನ್ನು ಹರದನಹಳ್ಳಿಯಲ್ಲಿ ಹುಟ್ಟಿದವರೊಬ್ಬರೇ ದಿಲ್ಲಿಯಲ್ಲಿ ಕಂಡರು. ಎಚ್. ಡಿ. ದೇವೇಗೌಡರು ಪ್ರಧಾನಮಂತ್ರಿಗಳಾದುದು 1996ರ ಜೂನ್ ತಿಂಗಳಿನಲ್ಲಿ. ಆಗ ಪೆಟ್ರೋಲು, ಡೀಸೆಲು, ಸೀಮೆಎಣ್ಣೆ, ಅಡಿಗೆಯ ಅನಿಲಗಳ ಬೆಲೆಯನ್ನು ಸರಕಾರವೇ ಗೊತ್ತುಮಾಡುತ್ತಿದ್ದಿತು. ಒಂದರ ಲಾಭದಿಂದ ಮತ್ತೊಂದರ ನಷ್ಟವನ್ನು ತುಂಬುವ ‘ಆಯಿಲ್ ಪೂಲ್’ ಎಂಬ ಲೆಕ್ಕವು ಕೊರತೆಯಲ್ಲಿ ಮುಳುಗಿದ್ದಿತು. ಜುಲೈ ತಿಂಗಳಿನಲ್ಲಿ ಅವರ ಸರಕಾರವು ಬೆಲೆಗಳನ್ನು ಏರಿಸಿತು, ಎಲ್ಲೆಡೆ ಕೂಗೆದ್ದಿತು, ಡೀಸೆಲಿನ ಏರಿಕೆಯಲ್ಲಿ ಒಂದು ಭಾಗವನ್ನು ಹಿಂದಕ್ಕೆ ಪಡೆಯಬೇಕಾಯಿತು. ಡೀಸೆಲಿನ ಬೆಲೆಯು ಸರಕಾರದ ಕೈಬಿಟ್ಟು ಹೋದುದು 2014ರ ಅಕ್ಟೋಬರಿನಲ್ಲಿ. ನಡುವೆ ಹದಿನೆಂಟು ವರ್ಷಗಳು ಸಂದಿದ್ದುವು.

ಸೀಮೆಎಣ್ಣೆಯ ಕಥೆಯು ಇದಕ್ಕಿಂತಲೂ ಕಹಿಯಾದುದು. ಬಡವನ ಬುಡ್ಡಿ ಆರದಿರಲೆಂದು ಅದನ್ನು ಅಗ್ಗದ ಬೆಲೆಗೆ ಕೊಟ್ಟರು. ಉದ್ದೇಶವು ನಿರ್ಮಲವಾಗಿದ್ದಿತು. ಆದರೆ ಡೀಸೆಲಿಗೂ ಅದಕ್ಕೂ ಬೆಲೆಯಲ್ಲಿ ದೊಡ್ಡ ಅಂತರವು ಬಿದ್ದೊಡನೆ ಆ ಅಂತರದಲ್ಲಿ ಕಳ್ಳನು ಮನೆಮಾಡಿದನು. ಬಡವನ ಪಾಲಿನ ಎಣ್ಣೆಯು ಲಾರಿಗಳ ಹೊಟ್ಟೆಯನ್ನು ಸೇರಿತು. ಕೋಲಾರದ ಚಿನ್ನದ ಗಣಿಯ ಊರಿನವರಾದ, ಸುತ್ತೂರು ಮಠದ ವಿದ್ಯಾಪೀಠಕ್ಕೆ ಸೇರಿದ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಮಂಜುನಾಥ ಷಣ್ಮುಗಂ ಎಂಬ ತರುಣರು ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಗಳಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆಯ ಬಂಕಿನ ಮೇಲೆ ಕ್ರಮ ಕೈಗೊಂಡುದಕ್ಕಾಗಿ 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಕಾಯಕದಲ್ಲಿ ನಿಷ್ಠೆಯೆಂಬ ಮಾತನ್ನು ಸಭೆಗಳಲ್ಲಿ ಆಡುವವರು ಈ ತರುಣನನ್ನು ನೆನೆಯುವುದು ಕಡಮೆ. ಕೊಡುವ ಕೈ ಎಷ್ಟೇ ಶುದ್ಧವಾಗಿದ್ದರೂ, ಕೊಟ್ಟುದು ಹೋಗುವ ದಾರಿಯನ್ನು ಕಾಯದಿದ್ದರೆ ಅದರ ಬೆಲೆಯನ್ನು ಇಂತಹವರು ತೆರಬೇಕಾಗುವುದು.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ತಂದೆಡೆಯಲ್ಲಿಯೇ ಸುರಿದು ಬಾರೆಂದು ಕಳುಹಿಸಿದ ಪ್ರಸಂಗವನ್ನು ಬಲ್ಲವರು ಇಂದಿನ ವಿದ್ಯುತ್ತಿನ ಲೆಕ್ಕವನ್ನೊಮ್ಮೆ ನೋಡಬೇಕು. ಕರ್ನಾಟಕದಲ್ಲಿ 2023ರಲ್ಲಿ ಗೃಹಜ್ಯೋತಿ ಯೋಜನೆಯು ಆರಂಭವಾದಾಗ, ಹಿಂದಿನ ವರ್ಷದ ತಿಂಗಳ ಸರಾಸರಿಗೆ ಶೇಕಡ 10ನ್ನು ಸೇರಿಸಿ, 200 ಯೂನಿಟ್‌ಗಳ ಮಿತಿಯೊಳಗೆ ಬೆಲೆಯಿಲ್ಲದೆ ಕೊಡುವುದೆಂದಾಯಿತು. ತಿಂಗಳಿಗೆ 40 ಯೂನಿಟ್ ಉರಿಸಿದ್ದವನಿಗೆ 44 ದೊರೆತರೆ, 180 ಉರಿಸಿದ್ದವನಿಗೆ 198 ದೊರೆಯಿತು. ಮಿತವಾಗಿ ಬಾಳಿದವನಿಗೆ ಸಂದುದು ಕಡಮೆ. 2008ರಿಂದ ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ಕೊಡುತ್ತಿರುವ ಉಚಿತ ವಿದ್ಯುತ್ತಿನ ಸ್ಥಿತಿಯೂ ಇದೇ. ಹೆಚ್ಚು ಕೊಳವೆಬಾವಿಗಳುಳ್ಳವನಿಗೆ ಹೆಚ್ಚು, ಭೂಮಿಯಿಲ್ಲದವನಿಗೆ ಸೊನ್ನೆ. ಆ ವಿದ್ಯುತ್ತಿನಲ್ಲಿ ಒಂದು ಪಾಲು ಶರಾವತಿಯ ನೀರಿನದಾದರೆ ಮತ್ತೊಂದು ಪಾಲು ರಾಯಚೂರಿನ ಶಾಖೋತ್ಪನ್ನ ಕೇಂದ್ರದ್ದು. ಅಲ್ಲಿ ಉರಿಯುವ ಕಲ್ಲಿದ್ದಲು ಹೊರ ರಾಜ್ಯಗಳಿಂದ ಬರುವುದು. ಹರದನಹಳ್ಳಿಯ ರೈತನು ಕಲ್ಲಿದ್ದಲನ್ನು ಕಂಡಿರಲಾರನು. ಆದರೂ ಆತನ ಹೆಸರಿನಲ್ಲಿ ಅದು ಉರಿಯುತ್ತಿದೆ.

ಇಷ್ಟರಿಂದ ಖನಿಜ ಇಂಧನದ ಸಹಾಯಧನವೆಲ್ಲವೂ ಅಧರ್ಮವೆಂದು ಹೇಳಿಬಿಡುವುದು ಆತುರವಾಗುವುದು. ಸೌದೆಯ ಒಲೆಯ ಮುಂದೆ ಊದುಗೊಳವೆ ಹಿಡಿದು ಕುಳಿತ ತಾಯಿಯ ಕಣ್ಣೂ ಶ್ವಾಸವೂ ಹೊಗೆಯಲ್ಲಿ ಕೆಡುತ್ತಿದ್ದುವು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೆ ಬಂದ ಅನಿಲವೂ ಭೂಗರ್ಭದ್ದೇ. ಮುಂದಿನ ನೂರು ವರ್ಷಗಳ ಹವೆಯನ್ನು ಕುರಿತು ಚಿಂತಿಸುವವರು, ಆ ತಾಯಿಯು ಈ ಹೊತ್ತು ಸೇವಿಸುತ್ತಿರುವ ಹೊಗೆಯನ್ನು ಲೆಕ್ಕಕ್ಕೆ ಹಿಡಿಯದಿರುವುದು ದಯೆಯೆನಿಸದು.

ಇನ್ನು ಸೂರ್ಯಶಕ್ತಿ. ಇದಕ್ಕೆ ಸಲ್ಲುವ ಸಹಾಯಧನದಲ್ಲಿ ಒಂದು ಗುಣವುಂಟು: ಉರಿಸಿದಷ್ಟೂ ಕೊಡುವಂತಹುದಲ್ಲ, ಫಲಕವನ್ನಿಡುವಾಗ ಒಮ್ಮೆ ಕೊಟ್ಟು ಮುಗಿಸುವಂತಹುದು. 2024ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್ ಫಲಕಕ್ಕೆ 78,000 ರೂಪಾಯಿಗಳ ನೆರವುಂಟು. ಆದರೆ ಮಾಡು ಗಟ್ಟಿಯಾಗಿರಬೇಕು, ಉಳಿದ ಹಣವನ್ನು ಹೊಂದಿಸಬೇಕು. ಅದಲ್ಲದೆ, ಒಂದು ಸರಕಾರವು ವಿದ್ಯುತ್ತನ್ನು ಬೆಲೆಯಿಲ್ಲದೆ ಕೊಡುತ್ತಿರುವಾಗ ಇನ್ನೊಂದು ಸರಕಾರದ ನೆರವಿನಿಂದ ಫಲಕವನ್ನು ಕೊಳ್ಳಲು ಗೃಹಸ್ಥನು ಏತಕ್ಕೆ ಹೊರಡುವನು? ಎರಡು ಬೊಕ್ಕಸಗಳ ಹಣವು ಒಂದನ್ನೊಂದು ತಿನ್ನುತ್ತಿದೆ. ಕುಸುಮ್ ಯೋಜನೆಯ ಸೌರಪಂಪಿನಲ್ಲಿಯೂ ಒಂದು ಅಪಾಯವುಂಟು. ಹಗಲೆಲ್ಲ ಖರ್ಚಿಲ್ಲದೆ ಓಡುವ ಪಂಪಿಗೆ ನಿಲ್ಲಿಸುವ ಕಾರಣವೇ ಇರದು. ಅರಸೀಕೆರೆ, ಚನ್ನರಾಯಪಟ್ಟಣಗಳ ಒಣ ಭೂಮಿಯಲ್ಲಿ ಸೂರ್ಯನು ತೀರುವುದಿಲ್ಲ, ಅಂತರ್ಜಲವು ತೀರುತ್ತದೆ.

ಪಾವಗಡದ ದೃಷ್ಟಾಂತವು ಇನ್ನೂ ವಿಚಾರಾರ್ಹವಾದುದು. 2018ರಲ್ಲಿ ಅಲ್ಲಿ ಆರಂಭವಾದ ಶಕ್ತಿಸ್ಥಳವು ಐದು ಹಳ್ಳಿಗಳ ಸುಮಾರು 13,000 ಎಕರೆಗಳಲ್ಲಿ ಹರಡಿ 2,050 ಮೆಗಾವಾಟ್ ಸಾಮರ್ಥ್ಯವನ್ನು ಪಡೆದಿದೆ. ರೈತರ ಭೂಮಿಯನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಂತೆ ಗೇಣಿಗೆ ಪಡೆದರು. ಬರಗಾಲದ ಸೀಮೆಯಲ್ಲಿ ಇದು ಸಣ್ಣ ಉಪಕಾರವಲ್ಲ. ಒಡೆತನವು ರೈತನಲ್ಲಿಯೇ ಉಳಿದುದು ಶ್ಲಾಘ್ಯವೇ ಸರಿ. ಆದರೆ ಗೇಣಿಯು ಭೂಮಿಯುಳ್ಳವನಿಗೆ ಸಂದಿತು. ಅದೇ ಹೊಲದಲ್ಲಿ ಕಳೆ ತೆಗೆದು, ಕಡಲೆಕಾಯಿ ಕಿತ್ತು ಕೂಲಿ ಪಡೆಯುತ್ತಿದ್ದವಳಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಗೇಣಿಯಿಲ್ಲ, ಹೊಲವೂ ಇಲ್ಲ. ಕಾಯಕವನ್ನೇ ಕೈಲಾಸವೆಂದು ನಂಬಿದ ನಾಡಿನಲ್ಲಿ, ಒಬ್ಬರ ಕಾಯಕವನ್ನು ಕಳೆದು ಪಡೆದ ಬೆಳಕು ಹೊಗೆಯಿಲ್ಲದುದಾದರೂ ಋಣವಿಲ್ಲದುದಲ್ಲ.

ಹಣವಿಲ್ಲವೆಂಬ ಉತ್ತರವು ಇಲ್ಲಿ ಸಲ್ಲದು. 2010ರಲ್ಲಿ ಶುದ್ಧ ಶಕ್ತಿಯ ಹೆಸರಿನಲ್ಲಿಯೇ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಗಳ ಕರವನ್ನು ಹಾಕಿದರು. 2016ರ ಹೊತ್ತಿಗೆ ಅದು 400 ಆಯಿತು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಅದನ್ನು ರಾಜ್ಯಗಳ ವರಮಾನದ ಕೊರತೆಯನ್ನು ತುಂಬಲು ತಿರುಗಿಸಿದರು. ಒಂದು ಹೆಸರಿನಲ್ಲಿ ಬೇಡಿ ಮತ್ತೊಂದಕ್ಕೆ ವ್ಯಯಿಸುವುದನ್ನು, ಒಂದು ಮಠದ ದಾಸೋಹದ ಲೆಕ್ಕದಲ್ಲಿ ಕಂಡಿದ್ದರೆ ಭಕ್ತರು ಸುಮ್ಮನಿರುತ್ತಿದ್ದರೆ?

ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನವಿದೆ. ಹೊಂಗೆ, ಹಿಪ್ಪೆ, ಬೇವುಗಳನ್ನು ರೈತರ ಬದುಗಳಲ್ಲಿ ನೆಡಿಸುವ ಯತ್ನವು ಅಲ್ಲಿಂದ ನಡೆಯಿತು. 2009ರಲ್ಲಿ ರಾಜ್ಯವು ಜೈವಿಕ ಇಂಧನ ನೀತಿಯನ್ನೂ ಹೊರಡಿಸಿತು. ಹೊಂಗೆಯು ಹೊಲದ ನಡುವೆ ಜಾಗವನ್ನು ಕೇಳದು, ದನವು ಅದನ್ನು ಮೇಯದು, ಅದರ ಬೇರು ಮಣ್ಣಿಗೆ ಸಾರಜನಕವನ್ನು ಕೊಡುವುದು. ನಾಲ್ಕು ಕಿಲೋಗ್ರಾಮಿನಷ್ಟು ಬೀಜಕ್ಕೆ ಸುಮಾರು ಒಂದು ಲೀಟರ್ ಎಣ್ಣೆ. ರಾಜ್ಯದ ಲಾರಿಗಳನ್ನೆಲ್ಲ ಇದರಿಂದ ಓಡಿಸಲಾಗದೆಂಬುದು ಸ್ಪಷ್ಟ. ಆದರೆ ಇಲ್ಲಿಯ ಸಹಾಯಧನವು ಮೊದಲು ಸೇರುವುದು ಬೀಜವನ್ನು ಆಯುವವಳ ಸೆರಗಿಗೆ. ಭೂಮಿಯಿಲ್ಲದವಳೂ ರಸ್ತೆಯ ಸಾಲುಮರದ ಕೆಳಗೆ ಆಯಬಲ್ಲಳು. ಆಕೆಗೆ ಕಿಲೋಗ್ರಾಮಿಗೆ ಕೈತುಂಬ ಬೆಲೆ ದೊರೆಯುವಂತೆ ಮಾಡಲು ಎಷ್ಟು ಹಣ ಬೇಕು? ಆ ಹಣವನ್ನು 198 ಯೂನಿಟ್‌ಗಳ ಮನೆಯಿಂದ ತರಬೇಕೋ ಇಲ್ಲವೆ ಮತ್ತೆಲ್ಲಿಂದ ತರಬೇಕೋ ಎಂಬುದನ್ನು ಇನ್ನೂ ಯಾರೂ ಲೆಕ್ಕ ಹಾಕಿ ಜನರ ಮುಂದಿಟ್ಟಂತೆ ಕಾಣುವುದಿಲ್ಲ. ಬೇಸಗೆಯಲ್ಲಿ ಕಾಯಿಗಳಂತೂ ಉದುರುತ್ತಲೇ ಇವೆ.